ಮುರುಗಲು ಮರಕ್ಕೆ ಜಾಮೀನು ನಿಂತವಳು

ಕಳೆದ ಭಾನುವಾರ ಬೆಳಿಗ್ಗೆ ಕೊಡಲಿ ಹಿಡಿದು ಹಿತ್ತಲಿಗೆ ಹೋದೆ. ಒಂಬತ್ತು ವರ್ಷ ಸಾಕಿದ ಮುರುಗಲು ಮರವನ್ನು ಕಡಿದು ಹಾಕುವುದೆಂದು ರಾತ್ರಿಯೇ ತೀರ್ಮಾನ ಮಾಡಿಯಾಗಿತ್ತು.

ಸಿಟ್ಟು ಬಂದಿತ್ತು. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಅಳುವೇ ಹೆಚ್ಚು ಬರುತ್ತಿತ್ತು.

ನಾನು ಹೊನ್ನಾವರದ ಕಡೆಯವಳು. ಈಗಿರುವುದು ಬಯಲುಸೀಮೆಯಲ್ಲಿ, ದೊಡ್ಡಉಳ್ಳಾರ್ತಿಯ ಆಚೆಯ ಒಂದು ಹಳ್ಳಿಯಲ್ಲಿ, ಪಶು ಆಸ್ಪತ್ರೆಯಲ್ಲಿ ಕೆಲಸ. ಡಾಕ್ಟರ್ ಅಲ್ಲ, ಇನ್‌ಸ್ಪೆಕ್ಟರ್. ಆದರೂ ಊರಿಗೆಲ್ಲ ನಾನು ಡಾಕ್ಟ್ರಮ್ಮ.

ಮದುವೆ ಆಗಲಿಲ್ಲ, ಮನೆಯಲ್ಲಿ ಒಬ್ಬಳೇ. ಸಂಜೆಯವರೆಗೆ ಕುರಿಗಳ ಜೊತೆ ಮಾತು, ಆಮೇಲೆ ಫ್ರಿಜ್ಜಿನ ಸದ್ದು.

ಮೊದಲು ಮೊಳಕಾಲ್ಮೂರಿನಲ್ಲಿದ್ದೆ. ಒಂದು ಬೇಸಿಗೆಯಲ್ಲಿ ಊರಿಂದ ಬರುವಾಗ ಅಮ್ಮ ನಮ್ಮ ಹಿತ್ತಲಿನ ಮುರುಗಲು ಹಣ್ಣು ಕಟ್ಟಿಕೊಟ್ಟಿದ್ದಳು. ನೀವು ಪುನರ್ಪುಳಿ, ಕೋಕಂ ಅಂತೀರಲ್ಲ, ಅದೇ. ತಿಂದು ಬೀಜವನ್ನು ಹಳೇ ಬಕೆಟ್ಟಿಗೆ ಹಾಕಿದ್ದೆ, ಒಂದು ಚಿಗುರಿತು.

ಟ್ರಾನ್ಸ್‌ಫರ್ ಆದಾಗ ಗೂಡ್ಸ್ ಆಟೋದಲ್ಲಿ ಗ್ಯಾಸ್ ಸಿಲಿಂಡರ್ ಪಕ್ಕ ಕೂತು ಅದೂ ಇಲ್ಲಿಗೆ ಬಂತು.

ಕಡಲ ಪಕ್ಕದ ಮರಕ್ಕೆ ಈ ಬಯಲು ಎಲ್ಲಿಂದ ಒಗ್ಗಬೇಕು? ಕುರಿ ಮೇಯುವ ಕಾವಲಿನ ಕಡೆಯಿಂದ ಬರುವ ಒಣಗಾಳಿಗೆ ಎಲೆಯ ಅಂಚು ಸುಟ್ಟುಹೋಗುತ್ತಿತ್ತು. ಹಳೇ ಸೀರೆ ಕಟ್ಟಿ ನೆರಳು ಮಾಡಿದೆ. ಅಕ್ಕಿ ತೊಳೆದ ನೀರು, ಬಚ್ಚಲ ನೀರು, ಎಲ್ಲಾ ಅದಕ್ಕೇ.

ಅಮ್ಮ ತೀರಿಕೊಂಡ ಮರುವರ್ಷ ತಮ್ಮ ಕಾರು ನಿಲ್ಲಿಸಲು ಜಾಗ ಬೇಕೆಂದು ಊರಿನ ಮರ ಕಡಿಸಿದ. ನನಗೆ ಒಂದು ಮಾತೂ ಹೇಳಲಿಲ್ಲ. ಕೇಳಿದರೆ, ಮರೆತೋಯ್ತು ಅಕ್ಕಾ ಅಂದ.

ಅಲ್ಲಿಗೆ ಅಮ್ಮನ ಮರದ್ದೆಂದು ಉಳಿದದ್ದು ನನ್ನ ಹಿತ್ತಲಿನ ಈ ಒಂದು ಗಿಡ. ಇದರ ಹಣ್ಣು ಒಂದು ಸಲ ತಿನ್ನಬೇಕು, ಸಿಪ್ಪೆ ಒಣಗಿಸಿ ಅಮ್ಮನ ಹಾಗೆ ಸಾರು ಮಾಡಬೇಕು. ಇಷ್ಟೇ ನನ್ನ ಆಸೆ.

ಪಕ್ಕದ ಮನೆಯವಳು ತಿಪ್ಪಮ್ಮ, ಕುರಿ ಕಾಯುವವಳು. ಚಳಿಗಾಲದಲ್ಲಿ ಅವಳ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಅಮ್ಮ ಬೀಜದಿಂದ ತೆಗೆದ ಮುರುಗಲು ತುಪ್ಪ ಒಂದು ಉಂಡೆ ನನ್ನಲ್ಲಿತ್ತು, ಬಿಸಿ ಮಾಡಿ ಹಚ್ಚಿಕೋ ಎಂದು ಕೊಟ್ಟೆ. ವಾರದಲ್ಲಿ ಕಾಲು ನುಣ್ಣಗಾಯಿತು.

ಹಣ್ಣಿನ ಪಾನಕ ಕುಡಿದರೆ ಮೈ ಉಷ್ಣ ಇಳಿಯುತ್ತದೆ, ಪಿತ್ತದ ಗಂಧೆ ಎದ್ದರೆ ಸಿಪ್ಪೆ ನೆನೆಸಿ ಹಚ್ಚುತ್ತೇವೆ ಎಂದೆಲ್ಲ ನಾನೂ ಉತ್ಸಾಹದಲ್ಲಿ ಕೊರೆದೆ. ಅಂದಿನಿಂದ ಅವಳಿಗೂ ಈ ಗಿಡದ ಮೇಲೆ ಒಂದು ಕಣ್ಣು.

ಎಂಟು ವರ್ಷವಾದರೂ ಹೂವಿಲ್ಲ...

ಇಲ್ಲಿ ಕಾಯಿ ಬಿಡದ ಹುಣಸೆಗೆ ಒಂದು ಪದ್ಧತಿ ಇದೆ. ಒಬ್ಬರು ಕೊಡಲಿ ಎತ್ತಿ ಕಡಿಯುತ್ತೇನೆಂದು ಹೆದರಿಸಬೇಕು. ಇನ್ನೊಬ್ಬರು ಕೈ ಹಿಡಿದು ಮರದ ಪರವಾಗಿ ಬೇಡಿಕೊಳ್ಳಬೇಕು.

"ಒಂದೇ ಮನೇರು ಇಬ್ರು ಬೇಕು" ಎಂದಳು ತಿಪ್ಪಮ್ಮ. ಆಮೇಲೆ ನನ್ನ ಬಾಗಿಲ ಹೊರಗಿದ್ದ ಒಂದೇ ಜೊತೆ ಚಪ್ಪಲಿ ನೋಡಿ, ಮೂಲೆಯಲ್ಲಿದ್ದ ಕೊಡಲಿಯನ್ನು ನನ್ನತ್ತ ಚಾಚಿದಳು.

"ತಗಳ್ರಿ, ಕೊಡ್ಲಿ ಎತ್ರಿ. ನಾನೇ ನಿಲ್ತೀನಿ."

ನಾನು ಎತ್ತಿದೆ, ನಗು ತಡೆದುಕೊಂಡು. ಅವಳು ಮಾತ್ರ ನಗಲಿಲ್ಲ. "ಬ್ಯಾಡ, ಕಡೀಬ್ಯಾಡ್ರಿ. ಬರೋ ವರ್ಷ ಬಿಡ್ತೈತೆ. ಇದಕ್ಕೆ ನಾನು ಜಾಮೀನು" ಎಂದು ಮರಕ್ಕೆ ಕೇಳಿಸುವಂತೆ ಜೋರಾಗಿ ಹೇಳಿದಳು.

ಈ ಚಳಿಗಾಲ ಹೂವು ಬಿಟ್ಟಿತು ನೋಡಿ! ಗೊಂಚಲು ಗೊಂಚಲು. ಫೋಟೋ ತೆಗೆದು ಸ್ಟೇಟಸ್ ಹಾಕಿ ಕುಣಿದಾಡಿದೆ.

ವಾರ ಕಳೆದ ಮೇಲೆ ಹೂವೆಲ್ಲ ಉದುರಿತು. ಒಂದು ಮಿಡಿಯೂ ಇಲ್ಲ. ಊರಿನ ಚಿಕ್ಕಮ್ಮನ ಮಗಳಿಗೆ ಹೂವಿನ ಫೋಟೋ ಕಳಿಸಿದೆ. ನಗುವ ಎಮೋಜಿ ಜೊತೆ ಉತ್ತರ ಬಂತು. ಇದು ಗಂಡು ಮರ ಕಣೇ, ಜನ್ಮದಲ್ಲಿ ಹಣ್ಣು ಬಿಡಲ್ಲ.

ದಿನಾ ಕುರಿಮರಿಗಳ ಬಾಲ ಎತ್ತಿ ಗಂಡು, ಹೆಣ್ಣು ಎಂದು ರಿಜಿಸ್ಟರಿನಲ್ಲಿ ಬರೆಯುವವಳು ನಾನು. ಮುರುಗಲಿನಲ್ಲೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ ಎಂಬುದು ಒಂಬತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ.

ಹೀಗೆ ಭಾನುವಾರ ಕೊಡಲಿ ಹಿಡಿದಿದ್ದು. ಈ ಸಲ ನಾಟಕವಲ್ಲ. ಒಂದು ಏಟು ಹಾಕಿಯೂ ಬಿಟ್ಟೆ, ತೊಗಟೆಯಿಂದ ಹಳದಿ ಹಾಲು ಒಸರಿತು.

ಎರಡನೆಯ ಏಟಿಗೆ ಎತ್ತಿದ ಕೈಯನ್ನು ಹಿಂದಿನಿಂದ ಯಾರೋ ಗಟ್ಟಿಯಾಗಿ ಹಿಡಿದರು. ಕುರಿಗಳನ್ನು ಬೀದಿಯಲ್ಲೇ ಬಿಟ್ಟು ತಿಪ್ಪಮ್ಮ ಓಡಿ ಬಂದಿದ್ದಳು.

"ಜಾಮೀನು ನಿಂತೋಳು ನಾನು. ನನ್ನ ಒಂದು ಮಾತು ಕೇಳ್ದೆ ಕಡಿತೀಯಾ?"

ಇಷ್ಟು ವರ್ಷದಲ್ಲಿ ಅವಳು ನನ್ನನ್ನು 'ನೀನು' ಎಂದದ್ದು ಅದೇ ಮೊದಲು.

"ಇದು ಗಂಡಂತೆ ತಿಪ್ಪಮ್ಮ. ಹಣ್ಣು ಬಿಡೋದೇ ಇಲ್ಲ."

"ಟಗರು ಮರಿ ಹಾಕ್ಲಿಲ್ಲ ಅಂತ ಯಾರಾನಾ ಕಡಿತಾರೇನವ್ವಾ? ಪಕ್ದಾಗೆ ಒಂದು ಹೆಣ್ಣು ತಂದು ಹಾಕು. ಒಂದೇ ನಿಂತ್ರೆ ಅದಾದ್ರೂ ಏನ್ ಮಾಡ್ತೈತೆ?"

ಟಗರನ್ನು ಕಡಿದು ಸಾರು ಮಾಡುವುದೇ ಜಾಸ್ತಿ ಎಂದು ನಾಲಿಗೆ ತುದಿಗೆ ಬಂತು. ಹೇಳುವ ಬದಲು ಕೊಡಲಿ ಕೆಳಗಿಟ್ಟೆ.

ಅವಳು ಮರದ ಗಾಯಕ್ಕೆ ಕೆಸರು ಮೆತ್ತಿ, ಕೊಡಲಿಯನ್ನು ತನ್ನ ಮನೆಗೇ ಎತ್ತಿಕೊಂಡು ಹೋದಳು. ಇನ್ನೂ ವಾಪಸು ಕೊಟ್ಟಿಲ್ಲ.

ದಿನವಿಡೀ ಕುರಿಗಳ ಕಾಲು ಹಿಡಿಯುವ ಕೈ ನನ್ನದು. ಈ ಕೈಯನ್ನು ಇನ್ನೊಬ್ಬರು ಹಿಡಿದು ಎಷ್ಟು ವರ್ಷವಾಗಿತ್ತು ಎಂದು ಅವತ್ತು ಕೂತು ನೆನಪು ಮಾಡಿಕೊಂಡೆ. ನೆನಪು ಅಮ್ಮ ಕೈ ಹಿಡಿದು ಬಸ್ ಹತ್ತಿಸಿದ ದಿನಕ್ಕೆ ಹೋಗಿ ನಿಂತಿತು.

ಕರಾವಳಿಯ ಗೆಳೆಯರೇ, ನಿಮ್ಮಲ್ಲಿ ಯಾರ ಹಿತ್ತಲಲ್ಲಾದರೂ ಹೆಣ್ಣು ಮುರುಗಲಿನ ಒಂದು ಕಸಿಗಿಡ ಸಿಗುತ್ತದಾ? ನಾನೇ ಬಂದು ಮಡಿಲಲ್ಲಿಟ್ಟುಕೊಂಡು ತರುತ್ತೇನೆ, ಇಲ್ಲಿ ಒಬ್ಬಳು ಜಾಮೀನು ನಿಂತಿದ್ದಾಳೆ.