ಭಾರ ಕೂತ ಮೇಲೆ ಬಿಗಿದ ಬೋಲ್ಟು

ನಮ್ಮ ಅಡುಗೆಮನೆಯ ಬಾಗಿಲು ಮಹಾ ಮುಂಗೋಪಿ. ಮಧ್ಯಾಹ್ನ ಕಾಲುವೆಯ ಕಡೆಯಿಂದ ಗಾಳಿ ಎದ್ದಿತೆಂದರೆ ಸಾಕು, ಚೌಕಟ್ಟಿಗೆ ಹಣೆ ಚಚ್ಚಿಕೊಂಡು ಧಡಾರೆಂದು ಅರಚಿ, ಮಲಗಿದವರನ್ನೂ ಉಣ್ಣುತ್ತಿದ್ದವರನ್ನೂ ಒಟ್ಟಿಗೇ ಬೆಚ್ಚಿಬೀಳಿಸುವುದು ಅದರ ಹುಟ್ಟುಗುಣ. ಎಷ್ಟೋ ವರ್ಷ ನಾನು ಹಳೆಯ ಸೀರೆಯ ತುಂಡನ್ನು ಮಡಿಸಿ ಸಂದಿಗೆ ತುರುಕಿ ಅದರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಆ ಕೆಲಸವನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟ ಒಂದು ರಬ್ಬರಿನ ಬಳೆ ಮಾಡುತ್ತಿದೆ. ಬಳೆಯೆಂದರೆ ಕೈಗೆ ತೊಡುವಂಥದ್ದಲ್ಲ. ಹೆಬ್ಬೆರಳು ತೂರುವಷ್ಟು ತೂತಿನ, ಕರ್ರಗಿನ, ಗಿಡ್ಡನೆಯ, ಒಂದು ಮಗ್ಗುಲು ಸವೆದು ಇನ್ನೊಂದು ಮಗ್ಗುಲು ಬಿರುಕುಬಿಟ್ಟ ಮುದಿ ರಬ್ಬರು. ಗ್ಯಾರೇಜಿನವರ ಬಾಯಲ್ಲಿ ಇದರ ಹೆಸರು ಬುಷ್. ಮೊನ್ನೆ ಪಕ್ಕದ ಮನೆಯಾಕೆ ಬಂದವಳು, “ಇದೇನಬೇ, ಬಾಗಿಲಿಗೂ ದೃಷ್ಟಿ ತಗಲತೈತೇನು?” ಎಂದು ನಕ್ಕಳು. ನಾನೂ ನಕ್ಕು ಸುಮ್ಮನಾದೆ. ನಿಮಗೆ ಮಾತ್ರ ಹೇಳುತ್ತೇನೆ. ತುಸು ಆರಾಮಾಗಿ ಕೂತುಕೊಳ್ಳಿ, ಮೊಮ್ಮಗಳ ಮಾತು ತೆಗೆದರೆ ಬೇಗ ಮುಗಿಸುವ ವಿದ್ಯೆ ನನಗೆ ಬಾರದು. ರಾರಾವಿಯ ಸಾಲೆಯಲ್ಲಿ ನಾನು ಓದಿದ್ದು ಮೂರನೆಯ ಕ್ಲಾಸು. ಮಾತು ನಿಲ್ಲಿಸುವುದನ್ನು ಬಹುಶಃ ನಾಲ್ಕನೆಯದರಲ್ಲಿ ಕಲಿಸುತ್ತಾರೆ.

ಆ ಊರಿನಲ್ಲೇ ನನ್ನ ಮಗಳು ಶಾಂತಾ ಹುಟ್ಟಿದ್ದು. ಹುಟ್ಟಿದ್ದೆಂದು ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ಕೂಸು ಅಡ್ಡ ತಿರುಗಿತ್ತು, ಸೂಲಗಿತ್ತಿ ಕೈಚೆಲ್ಲಿ ಗೋಡೆಗೆ ಒರಗಿದ್ದಳು, ಹೊರಗೆ ಕಾಗೆಯೂ ಕೂಗದಂಥ ಉರಿಬಿಸಿಲು. ಆಗ ಎತ್ತಿನ ಗಾಡಿಯ ಜಾಡು ಹಿಡಿದು ಒಂದು ಸದ್ದು ಬಂತು. ಗುಡುಗೂ ಅಲ್ಲದ, ಗಿರಣಿಯೂ ಅಲ್ಲದ, ಗಂಟಲು ತುಂಬಿ ಹಾಡುವ ಸದ್ದು. ಕುಂಕುಮದ ಬಣ್ಣದ, ತಲೆಯ ಮೇಲೆ ಸೂರಿಲ್ಲದ, ಎರಡೇ ಸೀಟಿನ ಪುಟ್ಟ ಕಾರು. ಅದರಿಂದ ಸೆರಗು ಸೊಂಟಕ್ಕೆ ಬಿಗಿದು ಇಳಿದವರು ಬಳ್ಳಾರಿಯ ಡಾಕ್ಟರಮ್ಮ. ರೇಸಿಗೆಂದು ಹುಟ್ಟಿದ ಆ ಕಾರನ್ನು ಅವರ ತಂದೆ ಮದರಾಸಿನಿಂದ ತರಿಸಿಕೊಟ್ಟಿದ್ದರಂತೆ. ಮಗಳು ಅದನ್ನು ಸಿರುಗುಪ್ಪ, ಕುರುಗೋಡು ಎಂದು ಬಸುರಿ ಬಾಣಂತಿಯರ ಮನೆಬಾಗಿಲಿಗೆ ಓಡಿಸಿದರು. ಡಾಕ್ಟರಮ್ಮ ಆಗ ತುಂಬಿದ ಮೈಯವರು. ಅವರು ಒಳಗೆ ಬಂದರೆ ಮನೆಗೊಂದು ಕಂಬ ನಿಲ್ಲಿಸಿದಂತಾಗುತ್ತಿತ್ತು. ಆ ದಿನ ನಾನೂ ಮಗಳೂ ಉಳಿದದ್ದು ಅವರ ಕೈಗುಣದಿಂದ. ಆದರೆ ನನಗೆ ಧೈರ್ಯ ಬಂದದ್ದು ಅವರ ಮುಖ ನೋಡುವ ಮುಂಚೆ, ಕಾರಿನ ಸದ್ದು ಕೇಳಿದಾಗಲೇ.

ಕಾಲದ ಚೋದ್ಯ ನೋಡಿ: ಆ ಶಾಂತಾಳ ಮಗಳು ಗೌರಿ ಈಗ ಬಳ್ಳಾರಿಯಲ್ಲಿ ಕಾರು ರಿಪೇರಿಯ ಶೆಡ್ಡು ಇಟ್ಟಿದ್ದಾಳೆ, ಮತ್ತು ಅದೇ ಕುಂಕುಮದ ಕಾರು ಅದೇ ಶೆಡ್ಡಿಗೆ ಬಂತು. ಬಂದದ್ದು ಸಂಕಟ ಹೊತ್ತುಕೊಂಡು. ಸ್ವಲ್ಪ ಜೋರಾಗಿ ಓಡಿಸಿದರೆ ಹಿಂಭಾಗ ಕೊಬ್ಬಿದ ಹೋರಿಯ ಹಾಗೆ ಅತ್ತಿತ್ತ ಸೆಳೆಯುವುದು, ಉಬ್ಬು ಹತ್ತಿ ಇಳಿದರೆ ಒಳಗೆಲ್ಲೋ ಲೊಟಕ್ಕೆನ್ನುವುದು. ಅವರಿವರು ಟೈರು ಬದಲಿಸಿದ್ದರು, ಸ್ಪ್ರಿಂಗು ಬದಲಿಸಿದ್ದರು, ರೋಗ ಹೋಗಿರಲಿಲ್ಲ. ಡಾಕ್ಟರಮ್ಮನ ಮಗ ಹೆದರಿ, ಮಾರಿಬಿಡೋಣವೆಂದು ಹೈದರಾಬಾದಿನವರೊಬ್ಬರ ಜೊತೆ ಮಾತಾಡಿಯೂ ಆಗಿತ್ತು. ಅವರದೂ ತಪ್ಪಲ್ಲ, ತಾಯಿಯ ಜೀವದ ಚಿಂತೆ ಮಗನಿಗಿರದೆ ಇನ್ನಾರಿಗಿರಬೇಕು? ಡಾಕ್ಟರಮ್ಮ ಒಂದೇ ಮಾತು ಕೇಳಿಕೊಂಡರು: “ಗೌರಿ ರಿಪೇರಿ ಮಾಡ್ಲಿ. ನಾನು ಕುರುಗೋಡಿಗೆ ಹೋಗಿ ಬರ್ತೀನಿ. ಹಿಂದ ಒಂದ್ ಸಾರಿ ಲೊಟಕ್ ಅಂದ್ರೂ ನೀ ಹೇಳಿದಂಗ ಕೊಟ್ಟುಬಿಡಪ, ನಾ ಅಡ್ಡ ಬರಂಗಿಲ್ಲ.”

ಆ ವಾರ ನಾನೂ ನನ್ನ ಗಂಡ ಬಸಣ್ಣನೂ ಸಿರುಗುಪ್ಪದಿಂದ ಮೊಮ್ಮಗಳ ಮನೆಗೆ ಹೋಗಿದ್ದೆವು. ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ. ಗೌರಿ ಶೆಡ್ಡಿನ ಗುಂಡಿಗಿಳಿದು, ಕಾರಿನ ಹೊಟ್ಟೆಯ ಕೆಳಗೆ ನಿಂತು, ಉದ್ದನೆಯ ಕಬ್ಬಿಣದ ಸಲಾಕೆಯನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಮೀಟಿ ಕಿವಿಗೊಟ್ಟಳು. ರೋಗಿಯ ಬೆನ್ನು ತಟ್ಟಿ ಎದೆಯ ಕಫ ಹುಡುಕುವ ಡಾಕ್ಟರಮ್ಮನ ಗತ್ತು ನನ್ನ ಮೊಮ್ಮಗಳ ಕುತ್ತಿಗೆಯಲ್ಲಿ ಹೇಗೆ ಬಂದು ಕೂತಿತೋ! “ಸಿಕ್ತು ನೋಡಬೇ!” ಎಂದು ಕೂಗಿ ನನ್ನನ್ನು ಬಗ್ಗಿಸಿ ತೋರಿಸಿದಳು. ಹಿಂದಿನ ಚಕ್ರಗಳನ್ನು ಹಿಡಿದ ಕಬ್ಬಿಣದ ತೋಳು ಕಾರಿನ ಮೈಗೆ ಸೇರುವ ಕಡೆ ಈ ರಬ್ಬರಿನ ಬುಷ್ಷುಗಳಿದ್ದವು. ತೋಳು ಅಲುಗಬೇಕು, ಆದರೆ ಕಬ್ಬಿಣ ಕಬ್ಬಿಣಕ್ಕೆ ತಾಗಬಾರದು, ಆ ನಡುವಿನ ಜಾಗ ಇವುಗಳದು. ಇಡೀ ಕಾರಿನ ಕುಣಿತವನ್ನೆಲ್ಲ ನುಂಗಿ ನುಂಗಿ ಅವು ಸವೆದುಹೋಗಿದ್ದವು, ಒಂದು ದಿನವೂ ಯಾರ ಕಣ್ಣಿಗೂ ಬೀಳದೆ.

ನೋಡುತ್ತಾ ನನಗೆ ನಮ್ಮತ್ತೆಯ ನೆನಪಾಯಿತು. ನಮ್ಮ ಮಾವ ಒಂದು ಕಬ್ಬಿಣ, ಅವರ ತಮ್ಮ ಇನ್ನೊಂದು. ಇಬ್ಬರೂ ಒಂದೇ ಸೂರಿನಡಿ ಬದುಕು ಸಾಗಿಸಿದ್ದು ನಡುವೆ ಅತ್ತೆಯೆಂಬ ರಬ್ಬರು ಇದ್ದುದರಿಂದ. ಇವರ ಬೈಗುಳವನ್ನು ಅವರಿಗೆ ಮುಟ್ಟಿಸುವಷ್ಟರಲ್ಲಿ ಆಕೆ ಅದನ್ನು ಮೆತ್ತಗೆ ಮಾಡಿ, “ಊಟಕ್ಕ ಬರಬೇಕಂತ ಹೇಳ್ಯಾರ” ಎಂದಷ್ಟೇ ಉಳಿಸುತ್ತಿದ್ದಳು. ಆಕೆ ಹೋದ ವರ್ಷವೇ ಮನೆ ಲೊಟಕ್ಕೆಂದು ಎರಡಾಯಿತು. ಪ್ರತಿ ಮನೆಯಲ್ಲೂ ಇಂಥವರೊಬ್ಬರಿರುತ್ತಾರೆ; ಸದ್ದು ಶುರುವಾಗುವ ತನಕ ನಮಗೆ ಅವರು ಕಾಣುವುದಿಲ್ಲ.

ಹಳೆಯ ಬುಷ್ಷುಗಳನ್ನು ಹೊರಗೆ ತೆಗೆಯುವುದೇ ಒಂದು ಹೆರಿಗೆ. ಗೌರಿ ತೋಳನ್ನು ಮೇಜಿಗೆ ಬಿಗಿದ ವೈಸಿನ ದವಡೆಗೆ ಕೊಟ್ಟು, ಹಲ್ಲು ಕಚ್ಚಿ, ತಿರುಪಿ ತಿರುಪಿ ಒತ್ತಿದಳು. ಕೊನೆಗೆ ಅವು ಮುಲುಗುತ್ತಾ ಹೊರಬಂದವು. ಹೊಸದನ್ನು ಕೂಡಿಸುವಾಗ ಬಸಣ್ಣ, ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಿದ ಅಭ್ಯಾಸದಿಂದ, ಗ್ರೀಸಿನ ಡಬ್ಬಿ ಹಿಡಿದು ಬಂದ.

“ಅಜ್ಜಾ, ದೂರ ಸರಿ! ಗ್ರೀಸು ರಬ್ಬರ್ ತಿಂದುಹಾಕ್ತೈತಿ. ಸೋಪಿನ ನೀರು ಸಾಕು.”

“ಎಲ್ಲಾದಕ್ಕೂ ಸೋಪು! ಮಾರಿಗೂ ಸೋಪು, ಮೋಟಾರಿಗೂ ಸೋಪು” ಎಂದು ಗೊಣಗುತ್ತಾ ಡಬ್ಬಿ ಇಟ್ಟು ಹೋದ. ಸೋಪಿನ ನೀರು ಕಲಸಿಕೊಟ್ಟವಳು ನಾನು. ಆ ಕಾರಿಗೆ ನನ್ನ ಕಾಣಿಕೆ ಅದೊಂದೇ ಎಂದುಕೊಂಡಿದ್ದೆ.

ಎಲ್ಲ ಕೂತಮೇಲೆ ಬೋಲ್ಟು ಬಿಗಿದರೆ ಮುಗಿಯಿತಲ್ಲ ಎಂದರೆ, ಇಲ್ಲವಂತೆ. ಕಾರು ಮೇಲೆತ್ತಿ ಚಕ್ರ ಜೋತುಬಿದ್ದಿರುವಾಗ ಬಿಗಿದರೆ, ಕೆಳಗಿಳಿಸಿ ಭಾರ ಬಿದ್ದೊಡನೆ ತೋಳು ತಿರುಗಿ, ಒಳಗಿನ ರಬ್ಬರು ಹಿಂಡಿದ ಬಟ್ಟೆಯಂತೆ ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದಂತೆ. ಚಕ್ರ ನೆಲಕ್ಕೂರಬೇಕು, ಕೂರುವವರ ಭಾರವೂ ಸೀಟಿನ ಮೇಲಿರಬೇಕು, ಆಮೇಲೆ ಬಿಗಿಯಬೇಕು. ಗಾಳಿಯಲ್ಲಿ ಗಂಟುಹಾಕಿ, ಆಮೇಲೆ ಬದುಕಿನ ಭಾರ ಬಿದ್ದಾಗ ಯಾಕೆ ಹರಿಯಿತೆಂದು ಅಳುವ ನಂಟುಗಳನ್ನು ಎಷ್ಟು ಕಂಡಿಲ್ಲ ನಾವು!

ಭಾರವೆಂದ ಕೂಡಲೇ ಬಸಣ್ಣನ ಮೀಸೆ ಕುಣಿಯಿತು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಆಯುಷ್ಯವಿಡೀ ಮೂಟೆ ಹೊತ್ತ ಹಮಾಲನಾತ. ಮನುಷ್ಯರನ್ನೂ ಮೂಟೆಯ ಲೆಕ್ಕದಲ್ಲೇ ನೋಡುವುದು ಅವರ ಪೈಕಿಯವರ ರೂಢಿ: ಮದುವಣಗಿತ್ತಿ ಅರೆಮೂಟೆ, ಗೌಡರು ಮೂಟೆಯ ಮೇಲೊಂದು ಬುಟ್ಟಿ. “ಡಾಕ್ಟರಮ್ಮಂದು ನನಗ ಬಿಡು. ಕಣ್ಣಾಗ ಐತಿ ಆಕಿ ತೂಕ” ಎಂದು ಅಂಗಡಿಯಿಂದ ಅಕ್ಕಿಯ ತುಂಬು ಮೂಟೆಯೊಂದನ್ನು ತರಿಸಿ, ಸ್ಟೇರಿಂಗಿನ ಮುಂದೆ ಕೂಡಿಸಿ, ಗೌರವಕ್ಕೆಂದು ಮೇಲೊಂದು ಟವಲನ್ನೂ ಹೊದಿಸಿದ. ಗೌರಿ ಸ್ಪಾನರು ಹಿಡಿದು ಗುಂಡಿಗಿಳಿದಳು.

ಅಷ್ಟರಲ್ಲಿ ಆಟೋದಿಂದ ಡಾಕ್ಟರಮ್ಮನೇ ಇಳಿದರು. ಬಸಣ್ಣ ಅವರನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಅವರ ರವಿಕೆಯ ತೋಳು ಜೋತಾಡುತ್ತಿತ್ತು, ಗಡಿಯಾರ ಮಣಿಕಟ್ಟಿನಿಂದ ಜಾರಿ ಮೊಣಕೈಯತ್ತ ಹೋಗುತ್ತಿತ್ತು. ಗಾಳಿ ಬಂದರೆ ಹಿಡಿದುಕೊಳ್ಳಬೇಕೆನ್ನುವಷ್ಟು ಬಡಕಲು. ಅವರು ನೇರ ಸೀಟಿನತ್ತ ಬಗ್ಗಿ ನೋಡಿದರು.

“ಇದ್ಯಾರಪ ನನ್ನ ಜಾಗದಾಗ ಕುಂತಿರೋದು?”

“ನೀವಽ ರೀ, ಡಾಕ್ಟರಮ್ಮ” ಎಂದ ಬಸಣ್ಣ, ಮೆಲ್ಲಗೆ.

ಅವರು ನಕ್ಕ ನಗುವಿಗೆ ಶೆಡ್ಡಿನ ತಗಡು ಕೂಡ ನಕ್ಕಿತು. “ಅಯ್ಯ ನಿನ್ನ! ನಾ ಯಾವಾಗೋ ಅರೆಮೂಟಿ ಆಗೀನಲ್ಲೋ ಬಸಣ್ಣ. ತೆಗಿ ಅದನ್ನ, ನಾನಽ ಕೂಡ್ತೀನಿ.”

ಬಸಣ್ಣ ಆ ಮೂಟೆಯನ್ನು ಹಮಾಲನಂತೆ ಬೆನ್ನಿಗೆ ಎಸೆದುಕೊಳ್ಳಲಿಲ್ಲ. ಎಳೆಗೂಸನ್ನು ಎತ್ತಿದಂತೆ ಎದೆಗವಚಿ ಕೆಳಗಿಳಿಸಿ, ಟವಲಿನಿಂದ ಮುಖ ಒರೆಸಿಕೊಂಡ. ಆತನದು ಲೆಕ್ಕದ ತಪ್ಪಲ್ಲವೆಂದು ನನಗೆ ಆಗ ಅನ್ನಿಸಿತು. ಉಪಕಾರ ಮಾಡಿದವರು ನಮ್ಮ ನೆನಪಿನ ತಕ್ಕಡಿಯಲ್ಲಿ ಬಡವಾಗುವುದೇ ಇಲ್ಲ. ಅವರು ನಮ್ಮ ಮನೆಗೆ ಕಾಲಿಟ್ಟ ದಿನದ ತೂಕವೇ ಕೊನೆಯತನಕ.

ಪಕ್ಕದ ಸೀಟಿನ ಭಾರಕ್ಕೆ ನಾನೇ ಆದೆ. ಮುದುಕಿಯರಿಬ್ಬರೂ ಮುಂದೆ ನೋಡುತ್ತಾ, ಫೋಟೋಕ್ಕೆ ಕೂತವರಂತೆ ಉಸಿರು ಬಿಗಿಹಿಡಿದೆವು. ಕೆಳಗಿನಿಂದ ಗೌರಿಯ ದನಿ ಬಂತು: “ಅಲುಗಬ್ಯಾಡ್ರಿ ಇಬ್ರೂ! ಅಜ್ಜೀ, ನಗಬ್ಯಾಡಬೇ!”

“ನಕ್ಕರ ಭಾರ ಹೆಚ್ಚಾಕ್ಕತೇನಲೇ?” ಎಂದೆ ನಾನು.

“ನೀ ನಕ್ಕರ ಕಾರಽ ನಗತೈತಿ!”

ಕಟಕ್, ಕಟಕ್ ಎಂದು ಸ್ಪಾನರು ನುಡಿಯುತ್ತಿತ್ತು. ನಮ್ಮಿಬ್ಬರ ಭಾರ ಹೊತ್ತ ಕಾರಿನ ಕೆಳಗೆ, ಡಾಕ್ಟರಮ್ಮನ ಕೈಗಳೇ ಈ ಲೋಕಕ್ಕೆ ತಂದ ಹೆಣ್ಣಿನ ಮಗಳು, ನಮ್ಮ ತೂಕಕ್ಕೆ ಸರಿಯಾಗಿ ಬೋಲ್ಟು ಬಿಗಿಯುತ್ತಿದ್ದಳು. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. ರಾರಾವಿಯಲ್ಲಿ ಹಿಡಿದದ್ದೂ ಹೀಗೆಯೇ.

ಮರುದಿನ ಬೆಳಿಗ್ಗೆ ನಾನೂ ಡಾಕ್ಟರಮ್ಮನೂ ಕಾರಿನಲ್ಲಿ ಕುರುಗೋಡಿಗೆ ಹೊರಟೆವು. ಎರಡೇ ಸೀಟಾದ್ದರಿಂದ ಗೌರಿ, ಅಜ್ಜನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಬೆನ್ನುಹತ್ತಿದಳು, ಕಣ್ಣೆಲ್ಲ ನಮ್ಮ ಹಿಂದಿನ ಚಕ್ರಗಳ ಮೇಲೆ. ಊರು ದಾಟಿ, ಅದಿರಿನ ಲಾರಿಗಳು ಹಿಂದುಳಿದು, ಬತ್ತದ ಗದ್ದೆ ಶುರುವಾದೊಡನೆ ಡಾಕ್ಟರಮ್ಮ ಪೆಡಲಿನ ಮೇಲೆ ಕಾಲು ಊರಿದರು, ಕಾರು ಹಾಡತೊಡಗಿತು. ಹಿಂಭಾಗ ಸೆಳೆಯಲಿಲ್ಲ, ದಾರಕ್ಕೆ ಕಟ್ಟಿದಂತೆ ನೆಟ್ಟಗೆ ಬಂತು. ಆದರೆ ಪರೀಕ್ಷೆ ಇದ್ದದ್ದು ಕುರುಗೋಡಿನ ಬೆಟ್ಟ ಕಾಣುವ ಮುನ್ನ ಸಿಗುವ ಕಾಲುವೆ ಸೇತುವೆಯ ಉಬ್ಬಿನಲ್ಲಿ. ಅಲ್ಲಿ ಸದ್ದು ಮಾಡದೆ ಈ ಕಾರು ಬಹುಕಾಲದಿಂದ ದಾಟಿರಲಿಲ್ಲವಂತೆ. ಅದು ಹತ್ತಿರ ಬಂದಾಗ ಡಾಕ್ಟರಮ್ಮ ತುಟಿ ಕಚ್ಚಿದರು, ನಾನು ಕಣ್ಣು ಮುಚ್ಚಿದೆ. ಕಾರು ಹತ್ತಿತು, ಇಳಿಯಿತು. ನನಗೆ ಕೇಳಿದ್ದು ಕಾಲುವೆಯ ನೀರು. ಹಿಂದಿನಿಂದ ಬಸಣ್ಣನ ಕೂಗು ಒಂದು: “ಭಲೇ ನನ್ನ ಮಗಳ!”

ಕುರುಗೋಡಿನಲ್ಲಿ ದೊಡ್ಡ ಬಸವಣ್ಣನಿಗೆ ಕೈಮುಗಿದು, ಮಂಡಕ್ಕಿ ಮೆಣಸಿನಕಾಯಿ ತಿಂದು ತಿರುಗಿ ಬಂದಾಗ ಡಾಕ್ಟರಮ್ಮನ ಮಗ ಗೇಟಿನಲ್ಲೇ ನಿಂತಿದ್ದರು. “ಅಮ್ಮಾ, ಏನಾರ ಸದ್ದು ಬಂತೇನು?”

“ಬಂತಪ್ಪ. ಹೋಗಾಕೂ ಬರಾಕೂ ಒಂದಽ ಸದ್ದು. ಈರಮ್ಮನ ಮಾತಿಂದು” ಎಂದು ಡಾಕ್ಟರಮ್ಮ ನನ್ನತ್ತ ಕೈ ತೋರಿಸಿದರು.

ಮಗ ನಕ್ಕು, ಅಲ್ಲೇ ನಿಂತು ಹೈದರಾಬಾದಿಗೆ ಫೋನು ಮಾಡಿ, ಬರುವುದು ಬೇಡವೆಂದರು. ಗೌರಿ ಕಾರಿನ ಮರೆಗೆ ಹೋಗಿ ಕಣ್ಣೊರೆಸಿಕೊಂಡಳು, ಆಗಷ್ಟೇ ಚಕ್ರದ ಸಂದು ತಡವಿ ನೋಡಿದ ಗ್ರೀಸಿನ ಕೈಯಲ್ಲೇ. ಕೆನ್ನೆಗೆ ಹತ್ತಿದ ಆ ಕಪ್ಪು ನನಗೆ ದೃಷ್ಟಿಬೊಟ್ಟಿನ ಹಾಗೆ ಕಂಡಿತು. ಬೇಕಾದ್ದೇ ಬಿಡಿ, ಅಂಥ ಹುಡುಗಿಗೆ.

ಬಿಸಾಡಲಿಟ್ಟ ಹಳೆಯ ಬುಷ್ಷುಗಳಲ್ಲಿ ಒಂದನ್ನು ನಾನು ಸೆರಗಿಗೆ ಕಟ್ಟಿಕೊಂಡು ಬಂದೆ. ಈಗಲೂ ಗಾಳಿ ಎದ್ದಾಗ ಬಾಗಿಲು ಮೊದಲಿನಷ್ಟೇ ಸಿಟ್ಟಿನಿಂದ ನುಗ್ಗುತ್ತದೆ. ಮುದಿ ರಬ್ಬರು ತುಸು ಕುಗ್ಗಿ ಅದನ್ನು ತಾಳಿಕೊಂಡು, ಮತ್ತೆ ತನ್ನ ಗಾತ್ರಕ್ಕೆ ಬರುತ್ತದೆ. ಮನೆ ನಿಶ್ಶಬ್ದ. ಆ ನಿಶ್ಶಬ್ದದಿಂದ ಒಂದು ಲಾಭವಾಗಿದೆ: ಯಾವಾಗಲಾದರೂ ಡಾಕ್ಟರಮ್ಮ ಸಿರುಗುಪ್ಪದ ಕಡೆ ಕಾರು ತಿರುಗಿಸಿದರೆ, ಗುಡುಗೂ ಅಲ್ಲದ ಗಿರಣಿಯೂ ಅಲ್ಲದ ಆ ಸದ್ದು ಓಣಿಯ ತುದಿಯಿಂದಲೇ ಕೇಳುತ್ತದೆ, ಮತ್ತು ನಾನು ಎದ್ದು ಹೊರಗೆ ನೋಡದೆಯೇ ಒಲೆಯ ಮೇಲೆ ಚಹಾ ಇಡುತ್ತೇನೆ.