ಕೆರೆ ನೀರು ಕೇಳದ ಕೆಂಚಮ್ಮತ್ತೆ

ಕೆಂಚಮ್ಮತ್ತೆ ಯಾರನ್ನಾದರೂ ಬೈಯುವ ಮೊದಲು ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಅದನ್ನು ಕಂಡರೆ ಕೈಲಾಂಚದ ಕಡೆಯ ನಮ್ಮೂರಿನಲ್ಲಿ ದೊಡ್ಡ ಮೀಸೆಯವರೂ ದಾರಿ ಬದಲಿಸುತ್ತಿದ್ದರು. ನಮ್ಮಪ್ಪನ ಅಕ್ಕ ಅವಳು. ಊರೊಳಗೇ ಮದುವೆ ಮಾಡಿದ್ದರು. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡ. ಅವಳದೆಂದು ಇದ್ದದ್ದು ತವರಿನವರು ಅರಿಸಿನ-ಕುಂಕುಮಕ್ಕೆ ಕೊಟ್ಟ ಒಂದು ಗದ್ದೆ, ಕೆರೆಯ ಕೆಳಗೆ.

ಆ ಗದ್ದೆಯ ಮೇಲೆ ಅವಳ ಮೈದುನನ ಕಣ್ಣು. ಮಹಾರಾಜರ ಕಾಲ; ಅವನೇ ಊರಿನ ಪಟೇಲ. ಕೆರೆ ಅರ್ಧವೂ ತುಂಬದ ಒಂದು ವರ್ಷ ಕೆರೆ ನೀರು ಬಿಡುವ ನೀರುಗಂಟಿಗೆ ಹೇಳಿ ಅತ್ತೆಯ ಗದ್ದೆಯ ಕಾಲುವೆಗೆ ಮಣ್ಣು ಹಾಕಿಸಿದ. ಆಮೇಲೆ ಅರಳಿಕಟ್ಟೆಯಲ್ಲಿ ಕೂತು, "ಈ ಸಲ ಅವಳು ನೆಲ್ಲು ಬೆಳೀದಿದ್ರೆ ಗದ್ದೆ ನಾನು ಉಳ್ತೀನಿ" ಎಂದು ಹಿರಿಯರಿಂದ ಹೂಂ ಅನ್ನಿಸಿಕೊಂಡ.

ಅತ್ತೆ ಸೆರಗು ಸಿಕ್ಕಿಸಿದಳು. "ನಿನ್ ಕೆರೇನ ನೀನೇ ಕುಡ್ಕೊ. ನಂಗೆ ಬ್ಯಾಡ."

ಅವಳ ಅಟ್ಟದ ಮಡಕೆಯಲ್ಲಿ ದೊಡ್ಡಬೈರನೆಲ್ಲು ಇತ್ತು. ದಪ್ಪ ಕಾಳಿನ ಕೆಂಪಕ್ಕಿ. ನೆಂಟರಿಗೆ ಬಡಿಸಲು ಜನ ನಾಚುವಂಥದು. ಆದರೆ ಅದಕ್ಕೆ ನಿಂತ ನೀರು ಬೇಡ. ಒಣ ನೆಲದಲ್ಲಿ ಬಿತ್ತಿದರೆ ನಾಲ್ಕು ಹನಿ ಮಳೆಗೇ ಬದುಕಿಕೊಳ್ಳುತ್ತದೆ. ರಾಗಿಯಂತೆ ಕೂರಿಗೆಯಲ್ಲಿ ಬಿತ್ತಲು ಹೊರಟಾಗ ಊರು ಅಡ್ಡ ಬಂತು. ಮೊದಲ ಹಿಡಿ ಬೀಜ ಮುತ್ತೈದೆಯೇ ಹಾಕಬೇಕು, ಗಂಡ ಸತ್ತವಳು ಹಾಕಿದರೆ ಮಳೆ ಹೋಗುತ್ತದೆ ಎಂದು.

"ಮಳೆ ಏನು ನನ್ ಕತ್ತು ನೋಡ್ಕಂಡು ಬತ್ತದಾ?" ಎಂದವಳೇ ಮೊದಲ ಹಿಡಿ ತಾನೇ ಹಾಕಿದಳು. ಅಪ್ಪ ಎತ್ತು ಹೊಡೆದ.

ಪೈರು ಗೇಣುದ್ದ ಬಂದಾಗ ಅದರ ಮೇಲೆಯೇ ಮರದ ಹಲ್ಲಿನ ಹಲುವೆ ಎಳೆಸಿದಳು. ಮಣ್ಣು ಸಡಿಲವಾದರೆ ಬೇರು ಆಳಕ್ಕೆ ಇಳಿಯುತ್ತದೆ ಎಂಬುದು ಅವಳ ನಂಬಿಕೆ. ಬೆಳೆಯೆಲ್ಲ ಮಕಾಡೆ ಬಿದ್ದದ್ದು ಕಂಡು ಪಟೇಲ ಬದುವಿನ ಮೇಲೆ ನಿಂತು ನಕ್ಕ. "ಗದ್ದೆ ನಂದಾಯ್ತು ಕಣ್ಲಾ!" ಎಂದ ನೀರುಗಂಟಿಗೆ. ಆಗಿನ್ನೂ ಚಿಕ್ಕವಳಾಗಿದ್ದ ನಾನು ಅತ್ತುಬಿಟ್ಟೆ.

"ಅಳಬ್ಯಾಡ ಕಣವ್ವ. ಸತ್ತಿಲ್ಲ, ಮಲಗೈತೆ. ಒಸಿ ತಡಿ" ಎಂದಳು ಅತ್ತೆ.

ವಾರದೊಳಗೆ ಪೈರು ಎದ್ದು ನಿಂತಿತು. ಕೆರೆ ಬತ್ತಿ ಪಟೇಲನ ನಾಟಿ ಪೈರು ತೆನೆ ಬಿಡುವ ಮೊದಲೇ ಒಣಗಿತು. ಅತ್ತೆಯ ಗದ್ದೆಯಲ್ಲಿ ಕೊಯ್ಲು ನಡೆಯಿತು. ಅರಳಿಕಟ್ಟೆಯ ಹಿರಿಯರ ಮನೆಗೆಲ್ಲ ಒಂದೊಂದು ಮೊರ ಕೆಂಪಕ್ಕಿ ಕಳಿಸಿದಳು, ಪಟೇಲನ ಮನೆಗೂ. ಅಂಥ ಜಂಭ ಅವಳಿಗೇ ಒಪ್ಪುತ್ತಿತ್ತು.

ನಾನು ಮದುವೆಯಾಗಿ ರಾಮನಗರ ಸೇರಿದ ಮೇಲೆ, ಅವಳು ಹಾಸಿಗೆ ಹಿಡಿದಳೆಂದು ತಿಳಿದು ಓಡಿ ಬಂದೆ. ಬಾಗಿಲಲ್ಲಿ ಪಟೇಲನ ಮಗ ನಿಂತಿದ್ದ, ಬಿತ್ತನೆಗೆ ಬೈರನೆಲ್ಲು ಕೇಳಲು. ನನಗೆ ಮೈ ಉರಿಯಿತು. ಅತ್ತೆ ನನ್ನ ಕೈ ಹಿಡಿದು, ಅವನಿಗೂ ಕೇಳುವಂತೆ ಹೇಳಿದಳು: "ನೆಲ್ಲು ಕೊಡವ್ವ, ಎಲ್ರೂ ಉಣ್ಲಿ. ಗದ್ದೆ ಮಾತ್ರ ಕೊಡಬ್ಯಾಡ. ಅದು ಇನ್ಮ್ಯಾಕೆ ನಿಂದು."

ಮತ್ತೆ ಅವಳನ್ನು ನೋಡಲಾಗಲಿಲ್ಲ. ನೆಲ್ಲು ಕೇಳಿದವರಿಗೆಲ್ಲ ಕೊಡುತ್ತೇನೆ. ಗದ್ದೆ ಕೇಳಿಕೊಂಡು ಪಟೇಲನ ಮಗ ಈಗಲೂ ಬರುತ್ತಾನೆ. ಬರಲಿ.