ವೆನೆರಿನಾ ತುಳಿದ ವೈನು

ನಮ್ಮ ಮೀಲೊ ಊರಿನ ಗಂಡಸರು ಧೈರ್ಯವಂತರು. ಮೇಲೆ ಎಟ್ನಾ ಬೆಟ್ಟ ಬೆಂಕಿ ಕಾರುತ್ತಿದ್ದರೂ ಕೆಳಗೆ ಕೂತು ಇಸ್ಪೀಟಾಡುವವರು. ಅಂಗಳಕ್ಕೆ ಬೂದಿ ಬಿದ್ದರೆ ಗುಡಿಸಲು ಹೆಂಡತಿಯನ್ನು ಕೂಗುತ್ತಾರೆಯೇ ಹೊರತು ಕೈಯಲ್ಲಿನ ಎಲೆ ಕೆಳಗಿಡುವವರಲ್ಲ. ಇಂಥ ಶೂರರು ಹೆದರುತ್ತಿದ್ದದ್ದು ಒಂದಕ್ಕೇ: ಪಾಲ್ಮೆಂಟೊದೊಳಗೆ ಹೆಂಗಸಿನ ಕಾಲು.

ಪಾಲ್ಮೆಂಟೊ ಅಂದರೆ ದ್ರಾಕ್ಷಿ ತುಳಿಯುವ ಕಲ್ಲಿನ ಮನೆ. ಹೆಂಗಸರು ಗೊಂಚಲು ಕೊಯ್ಯಬಹುದು, ಬುಟ್ಟಿ ಹೊತ್ತು ತಂದು ಕಿಟಕಿಯಿಂದ ಒಳಗೆ ಸುರಿಯಬಹುದು, ಪೀಪಾಯಿಯನ್ನು ಸೊಂಟ ಬೀಳುವಷ್ಟು ತಿಕ್ಕಿ ತೊಳೆಯಬಹುದು. ಹೊಸ್ತಿಲು ಮಾತ್ರ ದಾಟುವಂತಿಲ್ಲ. ದಾಟಿದರೆ ರಸವೆಲ್ಲ ವಿನೆಗರ್. ಯಾರಾದರೂ ದಾಟಿ ನೋಡಿದ್ದುಂಟೇ? ಇಲ್ಲ. ದಾಟದೆ ಇದ್ದದ್ದಕ್ಕೇ ನಮ್ಮ ವೈನು ಚೆನ್ನಾಗಿರುವುದು. ಇನ್ನೇನು ಪುರಾವೆ ಬೇಕು?

ವೆನೆರಿನಾ ಕುಳ್ಳಗೆ, ಅಗಲವಾಗಿದ್ದಳು. ಅವಳ ಪಾದಕ್ಕೆ ಚಮ್ಮಾರ ಗಂಡಸರ ಅಚ್ಚನ್ನೇ ಬಳಸುತ್ತಿದ್ದ. ಯುದ್ಧ ಮುಗಿದ ಹೊಸತರಲ್ಲಿ ಗಂಡ ಕೊಂಚೆತ್ತೊ ಒಂದು ಚಳಿಗಾಲದ ಕೆಮ್ಮಿಗೆ ಹೋಗಿಬಿಟ್ಟ. ಬಿಟ್ಟುಹೋದದ್ದು ಕಪ್ಪು ಕಲ್ಲು ಕಟ್ಟಿದ ಮೆಟ್ಟಿಲು ತೋಟ, ಅದರಲ್ಲಿ ಕರ್ರಿಕಾಂತೆ ಅನ್ನುವ ಬಿಳಿ ದ್ರಾಕ್ಷಿಯ ಬಳ್ಳಿ, ತೋಟದ ಮೂಲೆಯ ಪಾಲ್ಮೆಂಟೊ, ಚೆಸ್ಟ್‌ನಟ್ ಮರದ ಒಂದು ಪೀಪಾಯಿ. ಪಕ್ಕದ ತೋಟದ ಚಿರೀನೊ ಅವಳ ಮಗಳಿಗೆ ಜ್ಞಾನಸ್ನಾನದ ಧರ್ಮತಂದೆ. ಆ ನಂಟಿನಿಂದ ಅವನಿಗೆ ಅವಳು ಕುಮ್ಮಾರಿ, ಅವಳಿಗೆ ಅವನು ಕುಂಪಾರಿ. ಪರಸ್ಪರ ಬೈಯುವಾಗಲೂ ಬಹುವಚನ ತಪ್ಪಿಸುವಂತಿಲ್ಲ.

"ಕುಮ್ಮಾರಿ, ದ್ರಾಕ್ಷಿನ ಬಳ್ಳೀಲಿರೋವಾಗ್ಲೇ ನನಗೆ ಕೊಟ್ಬಿಡಿ. ಗಂಡನಿಲ್ಲದ ಮನೆಗೆ ವೈನಿನ ತಾಪತ್ರಯ ಯಾಕೆ?"

ಈ ವರ್ಷ ದ್ರಾಕ್ಷಿ ಹೋದರೆ ಬರುವ ವರ್ಷ ಬಳ್ಳಿ, ಆಮೇಲೆ ತೋಟ. ಪೀಪಾಯಿ ಒಣಗಿ ಬಿರುಕು ಬಿಟ್ಟ ದಿನ ತಾನು ತನ್ನ ತೋಟಕ್ಕೇ ಕೂಲಿಯವಳು. ವೆನೆರಿನಾಗೆ ಅದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

"ಕೊಡಲ್ಲ ಕುಂಪಾರಿ. ತುಳಿಯೋಕೆ ನಿಮ್ಮ ಜನಾನ ಕರ್ಕೊಂಡ್ ಬನ್ನಿ, ಅಷ್ಟೇ."

ಅಕ್ಟೋಬರಿನಲ್ಲಿ ಬಂದರು. ಕಿಟಕಿಯಿಂದ ಬುಟ್ಟಿ ಸುರಿಯುತ್ತ ವೆನೆರಿನಾ ಒಳಗೆ ಇಣುಕಿದಳು. ಚಿರೀನೊ ಮೊಳೆ ಹೊಡೆದ ಬೂಟಿನಲ್ಲಿ ದ್ರಾಕ್ಷಿಯ ಮೇಲೆ ಕವಾಯತು ಮಾಡುತ್ತಿದ್ದ.

"ಬೂಟು ಬಿಚ್ಚಿ ಕುಂಪಾರಿ! ಬೀಜ ಒಡೆದ್ರೆ ಕಹಿ ಇಳಿಯತ್ತೆ. ಕೊಂಚೆತ್ತೊ ಬರಿಗಾಲಲ್ಲೇ ತುಳೀತಿದ್ದಿದ್ದು."

"ಕೊಂಚೆತ್ತೊಗೆ ಬೂಟಿರ್ಲಿಲ್ಲ."

ಒಳಗೆ ಎಲ್ಲರೂ ನಕ್ಕರು.

"ನಿಮ್ಮ ಹೊಲಸು ಬೂಟು ನನ್ನ ವೈನಿಗೆ ಬೇಡ. ಬಿಚ್ಚಿ, ಇಲ್ಲಾ ಇಳೀರಿ."

ಚಿರೀನೊ ಸೊಂಟದ ಮೇಲೆ ಕೈಯಿಟ್ಟ. "ಕಿಟಕೀಲಿ ನಿಂತ್ಕೊಂಡು ಅಪ್ಪಣೆ ಬೇರೆ! ಅಷ್ಟು ಕಾಳಜಿ ಇದ್ರೆ ನೀವೇ ತುಳ್ಕೊಳಿ." ಅಂದವನೇ ತನ್ನ ಜನರನ್ನು ಕಟ್ಟಿಕೊಂಡು ಹೊರಬಂದು ಹೊಸ್ತಿಲಿಗೆ ಅಡ್ಡ ಕೂತ. ಕುಯ್ದ ದ್ರಾಕ್ಷಿ ಬಿಸಿಲಿಗೆ ಎಷ್ಟು ಹೊತ್ತು ತಡೆದೀತು? ಸಂಜೆಯೊಳಗೆ ಕುಮ್ಮಾರಿ ಬಂದು ಕೈಮುಗಿಯುತ್ತಾಳೆ, ದ್ರಾಕ್ಷಿ ತನ್ನದಾಗುತ್ತದೆ ಅಂತ ಅವನ ಎಣಿಕೆ.

ವೆನೆರಿನಾ ಶೂ ಕಳಚಿದಳು. ಕಾಲುಚೀಲ ಕಳಚಿದಳು. ಬಾವಿಕಟ್ಟೆಯಲ್ಲಿ ಕಾಲು ತಿಕ್ಕಿ ತೊಳೆದಳು.

"ಹೊಸ್ತಿಲು ದಾಟಂಗಿಲ್ಲ!" ಚಿರೀನೊ ಕೂಗಿದ.

"ಯಾರ್ ದಾಟ್ತಾರೆ? ದ್ರಾಕ್ಷಿ ಹೋದ ದಾರೀಲೇ ನಾನೂ ಹೋಗ್ತೀನಿ." ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಹತ್ತಿ, ಕಿಟಕಿಯೊಳಗೆ ತಲೆ ತೂರಿಸಿದಳು. ತಲೆ ಹೋಯಿತು, ಹೆಗಲು ಹೋಯಿತು, ಸೊಂಟ ಸಿಕ್ಕಿಕೊಂಡಿತು.

"ಮೇನಾ! ನೋಡ್ತಾ ನಿಂತಿದೀಯಲ್ಲ, ತಳ್ಳೇ!"

"ಎಲ್ಲಿ ತಳ್ಳಲಿ ಅಕ್ಕಾ?" ನೆರೆಮನೆಯ ಮೇನಾ ಗಾಬರಿಯಾದಳು.

"ಹೊರಗಡೆ ಏನ್ ಕಾಣತ್ತೋ ಅದನ್ನೇ ತಳ್ಳು!"

ಮೇನಾ ಹೆಗಲು ಕೊಟ್ಟಳು. ಬುಟ್ಟಿ ಸುರಿದಂತೆ ವೆನೆರಿನಾ ದೊಪ್ಪನೆ ಒಳಗೆ ಬಿದ್ದಳು. ಅವಳ ಹಿಂದೆ ಮೇನಾ, ಮೇನಾಳ ಹಿಂದೆ ಕೊಯ್ಲಿಗೆ ಬಂದಿದ್ದ ಹೆಂಗಸರೆಲ್ಲ.

"ರಸ ಕೆಡತ್ತೆ, ದೇವರು ಮೆಚ್ಚಲ್ಲ!" ಹೊರಗಿನಿಂದ ಚಿರೀನೊ.

"ಮೇಲೆ ಹೊಗೆ ಬಿಡ್ತಾ ಕೂತಿದಾಳಲ್ಲ ಬೆಟ್ಟದಮ್ಮ, ಅವಳೇನು ಗಂಡಸಾ? ಅವಳ ಮಡಿಲಲ್ಲೇ ನಿಮ್ಮ ಬಳ್ಳಿ ಬೆಳೀತಿದೆ. ಹೋಗಿ ಅವಳಿಗೂ ಹೇಳಿ, ಹೊಸ್ತಿಲಾಚೆ ನಿಲ್ಲು ಅಂತ!"

ಗಂಡಸರು ಮೂಗು ಮೇಲೆತ್ತಿ ವಿನೆಗರ್ ವಾಸನೆ ಹಿಡಿಯುತ್ತ ಕೂತರು. ಒಳಗಿನಿಂದ ಬರುತ್ತಿದ್ದದ್ದು ಪಚಪಚ ಸದ್ದು, ನಗು, ಮತ್ತು ಗಂಡಸರ ಬಗ್ಗೆಯೇ ಕಟ್ಟಿದ ಒಂದು ಹಾಡು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನವೆಂಬರಿನ ಸಾನ್ ಮಾರ್ತೀನೊ ಹಬ್ಬಕ್ಕೆ ಮನೆಮನೆಯಲ್ಲೂ ಹೊಸ ವೈನು ರುಚಿ ನೋಡುವುದು ವಾಡಿಕೆ. ವೆನೆರಿನಾಳ ಮನೆಗೆ ಚಿರೀನೊ ಎಲ್ಲರಿಗಿಂತ ಮುಂಚೆ ಬಂದ. ಒಂದು ಗುಟುಕು ಕುಡಿದ. ಮುಖ ಹುಣಸೆಹಣ್ಣು ಚಪ್ಪರಿಸಿದಂತಾಯಿತು.

"ವಿನೆಗರ್! ನಾನ್ ಹೇಳ್ಲಿಲ್ವಾ?"

ಕರ್ರಿಕಾಂತೆ ಚಳಿಗಾಲ ಕಳೆಯುವ ಮುಂಚೆ ಯಾರ ಮನೆಯಲ್ಲೂ ಹಲ್ಲು ಚಳಿಯುವಷ್ಟು ಹುಳಿಯೇ. ತಳದ ಗಸಿಯ ಮೇಲೆ ಮಲಗಿದ್ದು, ವಸಂತದ ಬಿಸಿಗೆ ಎದ್ದು ಮೆತ್ತಗಾಗುವ ಜಾತಿ ಅದು. ಇದು ಊರಿಗೆಲ್ಲ ಗೊತ್ತು. ಆದರೆ ಹೆಂಗಸಿನ ಕಾಲು ಸಿಕ್ಕಮೇಲೆ ಗೊತ್ತಿದ್ದದ್ದನ್ನು ಯಾರು ನೆನಪಿಡುತ್ತಾರೆ?

ಚಳಿಗಾಲವಿಡೀ ಗೇಲಿ. "ಅಕ್ಕಾ, ಸೊಪ್ಪಿಗೆ ಹಾಕೋಕೆ ಸ್ವಲ್ಪ ವಿನೆಗರ್ ಇದ್ಯಾ?" ಅಂತ ಬಟ್ಟಲು ಹಿಡಿದು ಬಂದವರೂ ಉಂಟು. "ಇದೆ, ಗಂಡಸರ ತಲೆಗೆ ಸುರಿಯೋಕೆ ಇಟ್ಕೊಂಡಿದೀನಿ," ಅಂದು ವೆನೆರಿನಾ ಬಿರಡೆಯನ್ನು ಇನ್ನೊಂದು ಏಟು ಬಿಗಿ ಮಾಡುತ್ತಿದ್ದಳು. ಕೊನೆಕೊನೆಗೆ ಮೇನಾಳಿಗೂ ಅನುಮಾನ ಬಂತು. ವೆನೆರಿನಾಗೆ ಬರಲಿಲ್ಲವೇ? ಬಂತು, ಆದರೆ ಅದನ್ನು ಪೀಪಾಯಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಲಿಲ್ಲ. ಯಾರೂ ಇಲ್ಲದಾಗ ಅದಕ್ಕೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಏಪ್ರಿಲಿನಲ್ಲಿ ಒಂದು ಬೆಳಗ್ಗೆ ಒಳಗೆ ಚಿಟಿಚಿಟಿ ಸದ್ದು ಕೇಳಿತು. ವೈನು ನಿದ್ದೆಯಿಂದ ಎದ್ದಿತ್ತು. ಅಲ್ಲೇ ನೆಲದ ಮೇಲೆ ಕೂತು ಒಬ್ಬಳೇ ನಕ್ಕಳು.

ಬೇಸಿಗೆ ಮೊದಲಾದಾಗ ಚಿರೀನೊ ಬಂದ. ಅವನ ಮಗಳ ಮದುವೆ ಹತ್ತಿರವಿತ್ತು. ಅವನ ವೈನು ಕೊನೆಯಲ್ಲಿ ಗಂಟಲು ಹಿಡಿಯುವಷ್ಟು ಕಹಿ. ಬೀಗರ ಮುಂದಿಡುವ ಹಾಗಿರಲಿಲ್ಲ. ವೆನೆರಿನಾಳ ವೈನು ಮೆತ್ತಗಾದ ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು.

"ಕುಮ್ಮಾರಿ..." ಅನ್ನುತ್ತ ಪಾಲ್ಮೆಂಟೊ ಬಾಗಿಲಿಗೆ ಕಾಲಿಟ್ಟ.

"ಅಲ್ಲೇ ನಿಲ್ಲಿ! ಬೂಟು ಹಾಕಿದೀರ. ಕಿಟಕಿಗೆ ಬನ್ನಿ."

ಅವನು ಸುತ್ತು ಹಾಕಿ ಕಿಟಕಿಗೆ ಬಂದ. ಅವಳು ಒಳಗಿನಿಂದ ಲೋಟ ಚಾಚಿದಳು. ಎಳೆ ಹುಲ್ಲಿನ ಬಣ್ಣ. ಹಸಿರು ಸೇಬಿನ, ಮಳೆ ಬಿದ್ದ ಕಲ್ಲಿನ ವಾಸನೆ. ನಾಲಿಗೆ ಮೇಲೆ ಸದ್ದಿಲ್ಲದೆ ನಡೆದುಹೋಗಿ, ಹೋಗುವಾಗ ಕೆಳಗಿನ ಸಮುದ್ರದ ಒಂದು ಚಿಟಿಕೆ ಉಪ್ಪು ಬಿಟ್ಟುಹೋಗುವ ವೈನು. ಚಿರೀನೊ ಕೊನೆಯ ಹನಿಯವರೆಗೂ ಲೋಟ ಎತ್ತಿ ಕುಡಿದ. ಆಮೇಲೆ ಬಾಯಿ ಒರೆಸಿಕೊಂಡ.

"ಕೊಂಚೆತ್ತೊ ಪೀಪಾಯಿ ಒಳ್ಳೇದು."

ವೆನೆರಿನಾ ಕೈಚಾಚಿ ಲೋಟ ಕಿತ್ತುಕೊಂಡಳು. "ಮದುವೆ ನನ್ನ ಮಗಳಂಥವಳದ್ದು, ಅವಳಿಗೆ ವೈನು ಕೊಡ್ತೀನಿ. ಆದ್ರೆ ಅಕ್ಟೋಬರಿಗೆ ನೀವು ತುಳಿಯೋಕೆ ಬರ್ಬೇಕು, ನನ್ನ ಕೈಕೆಳಗೆ. ಕಾಲು ತೊಳೆದಿದ್ದೀರೋ ಇಲ್ವೋ ನಾನೇ ನೋಡ್ತೀನಿ. ಬರೋದು ಈ ಕಿಟಕಿಯಿಂದ."

ಚಿರೀನೊ ಕಿಟಕಿಯನ್ನು ನೋಡಿದ. ತನ್ನ ಹೊಟ್ಟೆಯನ್ನು ನೋಡಿಕೊಂಡ.

"ತಳ್ಳೋಕೆ ಮೇನಾ ಇರ್ತಾಳೆ," ಅಂದಳು ವೆನೆರಿನಾ.